ಅತ್ತೆಯ ಪಾದ, ಸೊಲ್ಲಾಪುರದ ಸೂಜಿ

ನಮ್ಮ ಅತ್ತೆ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರ ಪಾದ ತಾಗಿದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಇಂಡಿ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಅಮಾವಾಸ್ಯೆಯ ಮುಂಜಾನೆ ಝಳಕಿಯಿಂದ, ಸಿಂದಗಿಯಿಂದ, ಒಮ್ಮೊಮ್ಮೆ ದೂರದ ಮುದ್ದೇಬಿಹಾಳದಿಂದಲೂ ಜನ ಬಂದು ಕೂಡುತ್ತಿದ್ದರು. ಕೂಡುವುದೆಲ್ಲಿ ಬಂತು, ಅರ್ಧ ಜನಕ್ಕೆ ಕೂಡಲಿಕ್ಕೇ ಆಗುತ್ತಿರಲಿಲ್ಲ, ಗೋಡೆಗೆ ಆತು ನಿಂತಿರುತ್ತಿದ್ದರು. ಒಬ್ಬೊಬ್ಬರಾಗಿ ಪಡಸಾಲೆಯಲ್ಲಿ ಬೋರಲು ಮಲಗಬೇಕು. ಅತ್ತೆ ಎಡಗೈಯಿಂದ ಗೋಡೆಯ ಗೂಟ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ತುಟಿಯೊಳಗೇ ಏನೋ ಮಣಮಣ ಅನ್ನುತ್ತ, ಬಲಗಾಲು ಎತ್ತಿ ಅವರ ಟೊಂಕದ ಮೇಲೆ ಇಡುತ್ತಿದ್ದರು. ಅದು ಯಾವ ಮಂತ್ರ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಹಳ ಮಂದಿ ಎದ್ದು ನೆಟ್ಟಗೆ ನಡೆದುಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೂ ನನಗೆ ಮೊದಲಿನಿಂದ ಅದರ ಮೇಲೆ ಅನುಮಾನವೇ.

ನಾನು ಬಸವನ ಬಾಗೇವಾಡಿ ಕಡೆಯ ಮನಗೂಳಿಯಿಂದ ಸೊಸೆಯಾಗಿ ಬಂದವಳು. ಎಪ್ಪತ್ತರ ದಶಕದ ಮಾತು. ಎರಡನೆಯ ಮಗು ಅಂಬೆಗಾಲಿಡುತ್ತಿದ್ದಾಗ ಒಂದು ದಿನ ಬಾವಿಯ ಕಟ್ಟೆಯ ಮೇಲೆ ತುಂಬಿದ ಕೊಡ ಎತ್ತಲು ಬಗ್ಗಿದೆ, ಟೊಂಕದಲ್ಲಿ ಏನೋ ಸೆಳೆಯಿತು. ಅಂದು ಬಂದ ನೋವು ಹೋಗಲೇ ಇಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಆಗದು, ಕಸ ಹೊಡೆಯಲು ಆಗದು, ಮಗುವನ್ನು ಕಂಕುಳಿಗೆ ಎತ್ತಿಕೊಳ್ಳಲೂ ಆಗದು. ಅತ್ತೆ ನನ್ನನ್ನೂ ಮಲಗಿಸಿ ಕಾಲಿಟ್ಟರು. ಆಗಲಿಲ್ಲ. ಮತ್ತೊಂದು ಅಮಾವಾಸ್ಯೆಗೆ ಇಟ್ಟರು. ಆಗಲೂ ಇಲ್ಲ.

"ನನ್ನ ಕಾಲಿಗೆ ಹೋಗದ ನೋವು ನೋವಲ್ಲ, ಸೋಗು" ಅಂದುಬಿಟ್ಟರು. ತೀರ್ಪು ಅಲ್ಲಿಗೆ ಮುಗಿಯಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಟೊಂಕದ ನೋವಿಗೆ ನಾನು ಯಾವ ಕನ್ನಡಿ ಹಿಡಿಯಲಿ? ಓಣಿಯ ಹೆಂಗಸರು ನನ್ನೆದುರೇ "ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ" ಎಂದು ನಗುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಮನಗೂಳಿಯ ಅಣ್ಣನನ್ನು ಕರೆಸಿ ನನ್ನನ್ನು ತವರಿಗೆ ಕಳಿಸುವುದು, ಮಕ್ಕಳು ಇಲ್ಲೇ ಇರುವುದು ಎಂದು ಮನೆಯಲ್ಲಿ ಮಾತಾಯಿತು. ಆರಾಮಾದ ಮೇಲೆ ಕರೆಸೋಣ ಎಂದು ಹೇಳಿ ಕಳಿಸಿದ ಸೊಸೆಯನ್ನು ಮತ್ತೆ ಕರೆಸಿದ್ದನ್ನು ನಾನಂತೂ ಆ ಊರಲ್ಲಿ ಕಂಡಿರಲಿಲ್ಲ. ಮಕ್ಕಳನ್ನು ಬಿಟ್ಟು ಹೋಗುವ ಮಾತು ನೆನೆದು ರಾತ್ರಿ ಎದ್ದೆದ್ದು ಅವರ ಹೊದಿಕೆ ಸರಿಮಾಡುತ್ತಿದ್ದೆ.

ನನ್ನ ಗಂಡ ಅವ್ವನ ಮುಂದೆ ಬಾಯಿ ಬಿಚ್ಚುವವರಲ್ಲ. ಆದರೆ ಸೊಲ್ಲಾಪುರದ ಪೇಟೆಗೆ ಶೇಂಗಾ ಹಾಕಲು ಹೋದಾಗ ಒಂದು ಸುದ್ದಿ ತಂದರು. "ಒಬ್ಬ ಡಾಕ್ಟರ ಬಂದಾರಂತ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಟೊಂಕದ ನರಕ್ಕ ಸೂಜಿ ಹಾಕ್ತಾರಂತ."

"ಸೂಜಿ ಹಾಕಿ ಕಾಲ ಹ್ವಾದ್ರ?" ಎಂದೆ ನಾನು. ನನಗೆ ಅತ್ತೆಯ ಕಾಲಿನ ಮೇಲೆ ಎಷ್ಟು ಅನುಮಾನವೋ ಡಾಕ್ಟರ ಸೂಜಿಯ ಮೇಲೂ ಅಷ್ಟೇ.

"ಒಂದ ಸಲ ನೋಡೂಣು."

ಒಳಗಿನಿಂದ ಅತ್ತೆಯ ದನಿ ಬಂತು. "ನಾನೂ ಬರ್ತೇನಿ."

ನನ್ನ ಸೋಗು ಹಿಡಿಯಲಿಕ್ಕೇ ಬರುತ್ತಿದ್ದಾರೆ, ಇಲ್ಲದಿದ್ದರೆ ಹೊಸ್ತಿಲು ದಾಟದ ಈ ಹೆಂಗಸಿಗೆ ಸೊಲ್ಲಾಪುರದಲ್ಲೇನು ಕೆಲಸ? ರೈಲಿನಲ್ಲಿ ಜಾಗವಿದ್ದರೂ ಅವರು ಕೂಡಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಇದ್ದರು. ನಾನು ಹೇಗೆ ಕೂಡುತ್ತೇನೆ, ಹೇಗೆ ಏಳುತ್ತೇನೆ ಎಂದು ಕಾಯುತ್ತಿದ್ದಾರೆ ಅಂದುಕೊಂಡೆ. ಬೇಕೆಂದೇ ಮುಲುಗದೆ ಹಲ್ಲು ಕಚ್ಚಿ ಕೂತೆ.

ಡಾಕ್ಟರು ಕನ್ನಡ ಬಲ್ಲವರು. ತಾಳ್ಮೆಯಿಂದ ತಿಳಿಸಿ ಹೇಳಿದರು. "ಬೆನ್ನಿನ ಎಲುಬಿನ ಸಂದಿಯಿಂದ ನೋವಿನ ಸುದ್ದಿ ಒಯ್ಯೂ ಸಣ್ಣ ನರ ಇರ್ತಾವ್ರಿ. ಇವತ್ತಿನ ಔಷಧ ಸಂಜಿ ತನಕ ಅಷ್ಟ. ಅಲ್ಲೀ ತನಕ ನೋವು ನಿಂತು ಆಮ್ಯಾಲ ಬಂತಂದ್ರ, ನಾವು ಹಿಡದ ನರ ಬರೋಬ್ಬರಿ ಐತಿ ಅಂತ ಲೆಕ್ಕ. ನಾಳೆ ಜೋರ ಔಷಧ ಹಾಕಿ ಅದನ್ನ ಭಾಳ ದಿನ ಸುಮ್ಮನ ಕೂಡಸ್ತೇನಿ."

ನಾನು ಏನಾದರೂ ಕೇಳುವ ಮೊದಲೇ ಅತ್ತೆ ಶುರುಮಾಡಿದರು. "ಸೂಜಿ ಎಷ್ಟ ಉದ್ದ ಇರ್ತೈತ್ರಿ? ಕಾಲ ಸತ್ತು ಹೋಗೂದಿಲ್ಲ ಹೌದಿಲ್ಲೋ? ನೋವು ಭಾಳ ವರ್ಷದ್ದಾಗಿದ್ರೂ ಹೋಗ್ತೈತೇನ? ವಯಸ್ಸಾದವರಿಗೆ ನಡೀತೈತೇನ್ರಿ?"

ನನ್ನದು ಭಾಳ ವರ್ಷದ್ದೂ ಅಲ್ಲ, ನನಗೆ ವಯಸ್ಸೂ ಆಗಿರಲಿಲ್ಲ. ಡಾಕ್ಟರ ಬಾಯಿಂದ ಏನೋ ಒಂದು ಮಾತು ಹೊರಡಿಸಿ, ಅದನ್ನು ಊರಿಗೆ ಒಯ್ದು ನನ್ನ ತಲೆಗೆ ಕಟ್ಟುವ ಹುನ್ನಾರ ಎಂದು ಒಳಗೊಳಗೇ ಕುದಿದೆ.

ಮೇಜಿನ ಮೇಲೆ ಬೋರಲು ಮಲಗಿಸಿದರು. ಎಕ್ಸರೇ ಯಂತ್ರ ಗುಂಯ್ಯೆನ್ನುತ್ತಿತ್ತು. ಡಾಕ್ಟರು ಅದರಲ್ಲಿ ನೋಡುತ್ತ ನೋಡುತ್ತ ಸೂಜಿ ಒಳಗೆ ಬಿಟ್ಟರು. ಒಂದು ಕಡೆ ತಾಗಿದಾಗ ನನ್ನದೇ ಆ ಹಳೆಯ ನೋವು ಥಟ್ಟನೆ ಎದ್ದಿತು. "ಇದೇನ್ರಿ ನಿಮ್ಮ ನೋವು?" ಎಂದು ಕೇಳಿದರು. "ಹೌದ್ರಿ, ಅದ" ಎನ್ನುತ್ತಲೇ ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಎಲ್ಲರೂ ಇಲ್ಲ ಅಂದದ್ದನ್ನು ಒಬ್ಬರು ಮುಟ್ಟಿ ಇಲ್ಲೇ ಇದೆ ಅಂದಿದ್ದರು.

ಸ್ವಲ್ಪ ಹೊತ್ತಿಗೆ ಎದ್ದು ನಿಂತೆ. ನೋವಿಲ್ಲ! ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಬಗ್ಗಿ ಕೈಯಿಂದ ಎತ್ತಿ ನೋಡಿದೆ, ಮತ್ತೆ ಇಟ್ಟೆ, ಮತ್ತೆ ಎತ್ತಿದೆ. ಅತ್ತೆ ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಖರೇನ ಹೋತೇನ?"

"ನಾ ಏನ ಸುಳ್ಳ ಹೇಳ್ತೇನೇನ್ರಿ ಅತ್ತಿ?"

"ಕೇಳೀನಿ ಅಷ್ಟ."

ಆ ದಿನ ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ಹೊತ್ತು ಇಳಿಯುತ್ತಿದ್ದಂತೆ ಡಾಕ್ಟರು ಹೇಳಿದ ಹಾಗೆಯೇ ನೋವು ಮೆಲ್ಲಗೆ ಬಂದು ತನ್ನ ಜಾಗದಲ್ಲಿ ಕೂತಿತು. ಎಂಥ ಇಕ್ಕಟ್ಟು ನೋಡಿ. ಬಂದಿದೆ ಅಂದರೆ, ಮುಂಜಾನೆ ಕುಣಿದಾಡಿದವಳಿಗೆ ಸಂಜೆ ಮತ್ತೆ ಸೋಗು ಬಂತು ಅನ್ನುತ್ತಾರೆ. ಬಂದಿಲ್ಲ ಅಂದರೆ ನಾಳಿನ ಸೂಜಿ ತಪ್ಪುತ್ತದೆ. ಗಂಡ ಊಟ ತರಲು ಹೊರಗೆ ಹೋದದ್ದೇ ತಡ, ಅತ್ತೆ ಹತ್ತಿರ ಬಂದರು.

"ಬಂತೇನ?"

"ಇಲ್ರಿ."

"ಸಂಜಿಗೆ ಬರ್ತೈತಿ ಅಂದಿದ್ರಲ್ಲ ಡಾಕ್ಟರು. ಬಂದಿಲ್ಲಂದ್ರ ಇಲ್ಲಾ ಅವರದ ಸುಳ್ಳ, ಇಲ್ಲಾ ನಿಂದ ಸುಳ್ಳ." ಎದ್ದುಹೋಗಿ ಬಾಗಿಲು ಮುಂದಕ್ಕೆಳೆದು ಮುಚ್ಚಿದರು. "ಖರೆ ಹೇಳ ತಂಗಿ. ನಿನ್ನ ಮ್ಯಾಲ ನಂದೂ ನಿಂತೈತಿ."

"ನಿಮ್ದೇನ್ರಿ?"

ಅವರು ಆ ಕಡೆ ತಿರುಗಿ ಸೆರಗು ಸರಿಸಿದರು. ಸೀರೆಯ ಒಳಗೆ ಟೊಂಕದ ಸುತ್ತ ಹಳೆಯ ಧೋತರದ ತುಂಡೊಂದನ್ನು ಬಿಗಿದು ಕಟ್ಟಿಕೊಂಡಿದ್ದರು. ಅದರ ಮೇಲೆ, ಕೆಳಗೆ ಚರ್ಮ ಕಪ್ಪುಗಟ್ಟಿತ್ತು. ನಿನ್ನೆ ಮೊನ್ನೆ ಕಟ್ಟಿದ್ದಲ್ಲ ಅದು.

"ಊರ ಮಂದಿ ಬೆನ್ನಿಗೆ ನಾ ಕಾಲಿಟ್ಟೆ. ನನ್ನ ಬೆನ್ನಿಗೆ ಯಾರ ಕಾಲ ಇಡಬೇಕವಾ?"

"ಮತ್ತ ಆ ಮಂತ್ರ?"

"ಯಾವ ಮಂತ್ರನೂ ಇಲ್ಲ. ಕಾಲ ಎತ್ತಿದಾಗ ಜೀವ ಹೋದಂಗ ಆಗ್ತೈತಿ. ಹಲ್ಲ ಕಡಕೊಂಡು ಶಿವಾ ಶಿವಾ ಅಂತೇನಿ."

ಕನಿಕರ ಬರಬೇಕಿತ್ತು, ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟ ತಿಳಿದೂ ನಂದ ಸೋಗು ಅಂದ್ರಲ್ಲ. ಮಕ್ಕಳನ್ನ ಬಿಡಿಸಿ ಕಳಸಾಕ ನಿಂತೀರಲ್ಲ."

"ನಿಂದ ಖರೆ ಅಂದಿದ್ರ ನನ್ನ ಕಾಲ ಸುಳ್ಳಾಗ್ತಿತ್ತು" ಅಂದರು, ಮುಖ ತಿರುಗಿಸದೆಯೇ.

ಇದೂ ಒಂದು ಆಟವೇ ಇರಬಹುದೆ ಎಂದು ಆ ಗಳಿಗೆಯಲ್ಲೂ ನನಗೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ಕೈ ಚಾಚಿ ಆ ಗಂಟು ಮುಟ್ಟಿ ನೋಡಿದೆ. ಕಲ್ಲಿನ ಹಾಗೆ ಬಿಗಿದಿತ್ತು.

"ಬಂದೈತ್ರಿ" ಎಂದೆ. "ಆಗಿಂದನ ಬಂದೈತಿ."

"ಬಂತಲ್ಲ, ಚಲೋ ಆತು" ಎಂದು ಅತ್ತೆ ಉಸಿರು ಬಿಟ್ಟರು. ನನ್ನ ನೋವು ಕಂಡು ಯಾರಾದರೂ ಖುಷಿಪಟ್ಟದ್ದು ಅದೊಂದೇ ಸಲ.

ಮರುದಿನ ನನಗೆ ಎರಡನೆಯ ಸೂಜಿ, ಅತ್ತೆಗೆ ಮೊದಲನೆಯದು. ಅವರ ಎರಡನೆಯದಕ್ಕೆ ಇನ್ನೊಂದು ಸಲ ಹೋಗಿಬಂದೆವು. ನೋವು ಪೂರ್ತಿ ಅಳಿಸಿಹೋಯಿತು ಎನ್ನಲಾರೆ. ಆದರೆ ನಾನು ಒಲೆಯ ಮುಂದೆ ಕೂಡುವಂತಾದೆ, ಮಗುವನ್ನು ಎತ್ತಿಕೊಂಡೆ. ಅತ್ತೆ ಮಾತ್ರ ಎರಡೂ ಸಲ ಓಣಿಯವರಿಗೆ "ಸೊಸಿಗೆ ತೋರಿಸಾಕ ಹೋಗಿದ್ವಿ" ಎಂದಷ್ಟೇ ಹೇಳಿದರು. ಅಣ್ಣನನ್ನು ಕರೆಸುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಓಣಿಯಲ್ಲಿ ಹೊಸ ಮಾತು ಹುಟ್ಟಿತು. ಒಂದು ಸೂಜಿಗೆ ಹೋಗುವ ನೋವು ಎಂಥ ನೋವು, ಅದು ಸೋಗೇ ಎಂದು. ಈ ಮುದುಕಿ ತನ್ನ ಗುಟ್ಟು ಉಳಿಸಿಕೊಳ್ಳಲು ನನ್ನನ್ನು ಬಲಿ ಕೊಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಸುಗ್ಗಿ ಮುಗಿದು ಅಣ್ಣ ಬಂದ ದಿನ, ಅವರು ಹೇಳುವ ಮೊದಲೇ ನನ್ನ ಸೀರೆಗಳನ್ನು ಗಂಟು ಕಟ್ಟಿ ಪಡಸಾಲೆಗೆ ತಂದು ಒಗೆದೆ.

ಅಂದು ಅಮಾವಾಸ್ಯೆ, ಅಂಗಳ ತುಂಬ ಜನ. ಝಳಕಿಯವನೊಬ್ಬ ಬೋರಲು ಮಲಗಿದ್ದ. ಅತ್ತೆ ಗೂಟ ಹಿಡಿಯಲಿಲ್ಲ. ತುಟಿ ಅಲುಗಲಿಲ್ಲ. ಸುಮ್ಮನೆ ಕಾಲೆತ್ತಿ ಇಟ್ಟು ತೆಗೆದರು. ಆತ ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ಕೇಳಿದ.

"ಮಂತ್ರ ಹೇಳಲಿಲ್ಲಲ್ರಿ ಯವ್ವಾ? ಹೀಂಗ ಇಟ್ರ ನೋವು ಹೋಗ್ತೈತೇನ?"

ನಿಂತ ಜನರೆಲ್ಲ ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಗಂಟು ನೋಡಿದರು, ಕಟ್ಟೆಯ ಮೇಲೆ ಕೂತ ಅಣ್ಣನನ್ನು ನೋಡಿದರು.

"ಹೋದ್ರ ಹೋಗ್ತೈತಿ. ಹೋಗಲಿಲ್ಲಂದ್ರ ಸೊಲ್ಲಾಪುರಕ್ಕ ಹೋಗು, ನಮ್ಮ ಸೊಸಿ ದಾರಿ ಹೇಳ್ತಾಳ. ನನ್ನ ಕಾಲಿಗೆ ಅಕೀದೂ ಹೋಗಿರಲಿಲ್ಲ. ಅಕಿಗೆ ಖರೇನ ನೋವಿತ್ತು. ನನಗೂ ಇತ್ತು."

ನಾನು ಆ ಮನೆಗೆ ಬಂದಂದಿನಿಂದ ಅತ್ತೆ ಬಗ್ಗಿ ಒಂದು ಕಡ್ಡಿ ಎತ್ತಿದ್ದನ್ನು ಕಂಡಿರಲಿಲ್ಲ. ಅಷ್ಟು ಜನರ ಎದುರು ಅವರು ಮೆಲ್ಲಗೆ ಬಗ್ಗಿ, ನನ್ನ ಗಂಟು ಎತ್ತಿಕೊಂಡು ಒಳಗೆ ಹೋದರು.