ಹಳೆಯ ವರ್ಷನ್ ಬಂತು, ಭಾವನ ಕಲ್ಲುಗಳು ಹೋದವು

ಅಪ್‌ಡೇಟ್ ಒತ್ತಿದ್ದು ಭಾವನ ಹೆಬ್ಬೆರಳು, ಬೈಗುಳ ತಿಂದದ್ದು ನನ್ನ ಕಿವಿಗಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾಪುವಿನಲ್ಲಿ ಸ್ವಂತ ನಾಡದೋಣಿ ಉಂಟು. ನನಗೆ ಬೆಳ್ಮಣ್ಣಿನಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಮಾಡುವವನಿಗೆ ಕಂಪ್ಯೂಟರ್ ಗೊತ್ತು, ಕಂಪ್ಯೂಟರ್ ಗೊತ್ತಿರುವವನಿಗೆ ಮೊಬೈಲ್ ಗೊತ್ತು ಎಂಬುದು ಅಕ್ಕನ ಮನೆಯ ನಂಬಿಕೆ. ನಾನು ಓದಿದ್ದು ಕನ್ನಡ ಮೀಡಿಯಂ ಬಿ.ಎ. ಎಂದು ಎಷ್ಟು ಹೇಳಿದರೂ ಅಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಅಪ್‌ಡೇಟ್ ಆದ ಮೇಲೆ ಭಾವನ ಮೊಬೈಲಿನಲ್ಲಿ ಎಲ್ಲವೂ ಚೆನ್ನಾಗಿತ್ತು. ಒಂದು ಹಳೆಯ ಮ್ಯಾಪ್ ಆ್ಯಪ್ ಮಾತ್ರ ತೆರೆದ ಕೂಡಲೇ ಕಣ್ಣು ಮಿಟುಕಿಸಿ ಮುಚ್ಚಿಕೊಳ್ಳುತ್ತಿತ್ತು.

ಭಾವನ ಕಲ್ಲುಗಳು ಇದ್ದದ್ದು ಅದರಲ್ಲಿ.

ಸಮುದ್ರದ ಅಡಿಯಲ್ಲಿ ಅಲ್ಲಲ್ಲಿ ಬಂಡೆಗಳು ಇರುತ್ತವೆ. ಅವುಗಳ ಸುತ್ತ ಮೀನು ಸೇರುತ್ತದೆ. ಪಕ್ಕದಲ್ಲಿ ಬಲೆ ಬಿಟ್ಟರೆ ಊಟ, ಮೇಲೆಯೇ ಬಿಟ್ಟರೆ ಬಲೆ ಚಿಂದಿ. ಆದ್ದರಿಂದ ಪ್ರತಿ ಕಲ್ಲಿನ ಜಾಗವನ್ನೂ ಭಾವ ಜಿಪಿಎಸ್‌ನಲ್ಲಿ ಗುರುತು ಮಾಡಿ ಇಟ್ಟಿದ್ದರು.

ಆ ಜಾಗಗಳನ್ನು ಒಬ್ಬ ದೋಣಿಯವ ಇನ್ನೊಬ್ಬನಿಗೆ ಹೇಳುವ ಕ್ರಮವೇ ಇಲ್ಲ. ಬೇರೆ ದೋಣಿ ದೂರದಲ್ಲಿ ಕಂಡರೆ ಸಾಕು, ಭಾವ ಕಲ್ಲು ಬಿಟ್ಟು ಇನ್ನೆಲ್ಲೋ ಹೋಗಿ ಸುಮ್ಮನೆ ಬೀಡಿ ಸೇದುತ್ತಾ ಕೂರುತ್ತಾರೆ. ಕಾಗದದಲ್ಲಿ ಬರೆಯಲು ಒಪ್ಪಲಿಲ್ಲ, ಯಾರಾದರೂ ನೋಡಿಯಾರು. ಬ್ಯಾಕಪ್ಪಿಗೂ ಒಪ್ಪಲಿಲ್ಲ, ಮೇಲೆ ಕ್ಲೌಡಿಗೆ ಹೋದದ್ದು ಊರಿಗೆಲ್ಲ ಕಾಣುತ್ತದಂತೆ.

ಕಲ್ಲುಗಳಿಗೆ ಗುಟ್ಟಿನ ಹೆಸರು ಬೇಕು ಎಂದಾಗ ಮಾತ್ರ ನನ್ನನ್ನು ಕರೆದಿದ್ದರು. ಪ್ರಾಸದ ಹುಚ್ಚು ನನಗೆ ಮೊದಲೇ ಉಂಟು. ಅಜ್ಜಿಯ ಮಂಚ, ಅಜ್ಜನ ಲಂಚ... ಮಾವನ ಕೊಡೆ, ಭಾವನ ವಡೆ... ಹೀಗೆ ಕೂತು ಟೈಪ್ ಮಾಡಿಕೊಟ್ಟಿದ್ದೆ. ಬಿ.ಎ. ಪದವಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದು ಸಲ.

ಮೊಬೈಲು ಹಿಡಿದುಕೊಂಡು ಇಬ್ಬರೂ ಮಣಿಪಾಲದ ಸರ್ವಿಸ್ ಸೆಂಟರಿಗೆ ಹೋದೆವು. ಟೋಕನ್ ತೆಗೆದುಕೊಂಡು, ಎಸಿಯಲ್ಲಿ ನಡುಗಿ, ಕೊನೆಗೆ ತಿಳಿದುಕೊಂಡದ್ದು ಇಷ್ಟು: ಇಲ್ಲಿ ಮುಂದಿನ ವರ್ಷನ್ನಿಗೆ ಮಾತ್ರ ಕಳಿಸುತ್ತಾರೆ, ಹಿಂದಿನದಕ್ಕೆ ಇಲ್ಲ.

ಅಲ್ಲಿಂದ ಉಡುಪಿಗೆ ಇಳಿದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು ಹಳೆಯ ವರ್ಷನ್ ಹಾಕಿಕೊಡಲು ಒಪ್ಪಿದ. ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಅಡ್ಡಿ ಇಲ್ಲವಾ ಎಂದು ಎರಡೆರಡು ಸಲ ಕೇಳಿದ.

ನಾನು ಭಾವನ ಮುಖ ನೋಡಿದೆ. ಫೋಟೋಗಳನ್ನು ಅಕ್ಕನ ಮೊಬೈಲಿಗೆ ಕಳಿಸಿ ಆಗಿತ್ತು. ಆ್ಯಪಿನ ಫೈಲ್ ನನ್ನ ಪೆನ್‌ಡ್ರೈವಿನಲ್ಲಿ ಇತ್ತು. ಕಲ್ಲುಗಳ ಕತೆ ಏನು ಎಂದು ಕೇಳಿದೆ.

"ಕಲ್ಲು ಇರುವುದು ಸಮುದ್ರದಲ್ಲಿ ಮಾರಾಯ, ಮೊಬೈಲಿನಲ್ಲಿ ಅಲ್ಲ. ಅದು ಎಲ್ಲಿಗೆ ಹೋಗುವುದು? ಆ್ಯಪ್ ಬಂದರೆ ಕಲ್ಲು ಬರ್ತದೆ."

ನಾಚಿಕೆಯ ಸಂಗತಿ ಎಂದರೆ, ಆ ಹೊತ್ತಿಗೆ ನನಗೂ ಅದು ಸರಿ ಎಂದೇ ಕಂಡಿತು.

ಅಂಗಡಿಯವನು ಲ್ಯಾಪ್‌ಟಾಪಿಗೆ ವಯರ್ ಸಿಕ್ಕಿಸಿದ. ನಾವು ಗೋಳಿಬಜೆ ತಿಂದು ಬರುವಷ್ಟರಲ್ಲಿ ಮೊಬೈಲು ಹಳೆಯದಾಗಿತ್ತು. ಆ್ಯಪ್ ಹಾಕಿದ್ದೂ ಆಯಿತು. ಒತ್ತಿದೆ. ಎಷ್ಟು ಚೆಂದವಾಗಿ ತೆರೆಯಿತು!

ನೀಲಿ.

ಕಾಪುವಿನಿಂದ ಆಚೆಗೆ ಬರೀ ನೀಲಿ. ಒಂದೇ ಒಂದು ಗುರುತು ಇಲ್ಲ.

ಬಸ್ಸಿನಲ್ಲಿ ಸಮಾಧಾನಕ್ಕೆಂದು ನಾನು ಕಲ್ಲುಗಳ ಹೆಸರು ಹೇಳುತ್ತಾ ಬಂದೆ. ಪ್ರಾಸ ನೋಡಿ, ಒಂದೂ ಮರೆತಿರಲಿಲ್ಲ.

"ಹೆಸರು ಇಟ್ಟುಕೊಂಡು ಎಂತ ಮಾಡುವುದು? ಬಲೆಯ ಬದಲು ಪ್ರಾಸ ಬಿಡುವುದಾ?" ಎಂದರು ಭಾವ.

ಮರುದಿನ ಅಂದಾಜಿನ ಮೇಲೆ ಹೋದರು. ದಡದ ಲೈಟ್‌ಹೌಸ್ ನೋಡಿ, ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ನೋಡಿ, ಇಲ್ಲಿಯೇ ಇರಬೇಕು ಎಂದು ಸ್ವಲ್ಪ ಆಚೆಗೆ ಬಲೆ ಬಿಟ್ಟರು. ಆಚೆ ಎಂದುಕೊಂಡದ್ದು ಸರಿಯಾಗಿ ಕಲ್ಲಿನ ನೆತ್ತಿಯಾಗಿತ್ತು.

ಭಾನುವಾರ ನಾನು ಹೋದಾಗ ಮರಳಿನ ಮೇಲೆ ಬಲೆ ಹರಡಿತ್ತು. ಬಲೆ ಎನ್ನುವುದಕ್ಕಿಂತ ತೂತು ಎನ್ನಬಹುದು. ಭಾವ ತಲೆ ಎತ್ತದೆ ಹೊಲಿಯುತ್ತಿದ್ದರು. ಇನ್ನೊಮ್ಮೆ ಹೀಗೆ ಹರಿದರೆ ಈ ಸೀಸನ್ ಮುಗಿದ ಹಾಗೆ ಎಂದು ಅಕ್ಕ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

ಆಗ ಪಕ್ಕದ ದೋಣಿಯ ದಾಮೋದರಣ್ಣ ಬಂದರು. ಭಾವ ಯಾರನ್ನು ಕಂಡರೆ ದೋಣಿ ತಿರುಗಿಸುತ್ತಾರೋ ಅವರೇ. ಬಲೆಯ ತುದಿ ಎತ್ತಿ ನೋಡಿದರು. ನಿಜವಾಗಿಯೂ ಬೇಸರವಾಗಿತ್ತು ಅವರಿಗೆ.

"ಭಾವನ ವಡೆಯ ಮೇಲೆ ಯಾಕೆ ಬಿಟ್ಟದ್ದು ನೀವು? ಅಲ್ಲಿ ಕಲ್ಲು ಉಂಟಲ್ಲ."

ಭಾವನ ಸೂಜಿ ನಿಂತಿತು.

ಆ ಹೆಸರು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಭಾವ, ಇನ್ನೊಬ್ಬ ನಾನು. ಭಾವ ನನ್ನನ್ನು ನೋಡಿದರು. ನಾನು ಸಮುದ್ರವನ್ನು ನೋಡಿದೆ.

ದಾಮೋದರಣ್ಣನಿಗೂ ಬಾಯಿ ಜಾರಿದ್ದು ತಿಳಿಯಿತು. ಸ್ವಲ್ಪ ಹೊತ್ತು ಮರಳು ಕೆದಕಿದರು. ಆಮೇಲೆ ಸಂಗತಿ ಹೊರಬಂತು. ಹೋದ ಸೀಸನ್ನಿನಲ್ಲಿ ಭಾವನ ದೋಣಿ ಬಿಟ್ಟು ಇವರ ದೋಣಿಗೆ ಸೇರಿದ ಒಬ್ಬ ಆಳು, ಹೊರಡುವ ಮೊದಲು ಭಾವನ ಮೊಬೈಲಿನಿಂದ ಎಲ್ಲವನ್ನೂ ತನ್ನ ಮೊಬೈಲಿಗೆ ಶೇರ್ ಮಾಡಿಕೊಂಡಿದ್ದನಂತೆ. ಅಜ್ಜಿಯ ಮಂಚದಿಂದ ಹಿಡಿದು ಎಲ್ಲವೂ ಈಗ ದಾಮೋದರಣ್ಣನ ಮೊಬೈಲಿನಲ್ಲಿ ಉಂಟು.

ಭಾವ ಕೂಗಾಡುತ್ತಾರೆ ಎಂದುಕೊಂಡೆ. ಅವರು ಹರಿದ ಬಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು, ಮೊಬೈಲು ತೆಗೆದು ದಾಮೋದರಣ್ಣನ ಮುಂದೆ ಹಿಡಿದರು.

"ಹೆಸರಾದರೂ ಬದಲು ಮಾಡಬಾರದಿತ್ತಾ ದಾಮೋದರಣ್ಣ?"

"ಎಂತಕ್ಕೆ? ನೆನಪಿಗೆ ಒಳ್ಳೆಯದುಂಟಲ್ಲ."

ನನ್ನ ಸಾಹಿತ್ಯಕ್ಕೆ ಸಿಕ್ಕಿದ ಮೊದಲ ವಿಮರ್ಶೆ ಅದು. ಆದರೆ ಖುಷಿಪಡುವ ಸಂದರ್ಭ ಅಲ್ಲ.

ವಾಟ್ಸಾಪಿನಲ್ಲಿ ಕಲ್ಲುಗಳು ಬಂದವು. ಆ್ಯಪಿಗೆ ಹಾಕಿದೆ. ನೀಲಿಯ ಮೇಲೆ ಒಂದೊಂದಾಗಿ ಚುಕ್ಕೆಗಳು ಮೂಡುತ್ತಿದ್ದಾಗ ಮೇಲಿನಿಂದ ಒಂದು ಸಂದೇಶ ಇಳಿಯಿತು. ಹೊಸ ಅಪ್‌ಡೇಟ್ ಸಿದ್ಧವಾಗಿದೆಯಂತೆ, ಈಗಲೇ ಹಾಕಲೇ ಎಂದು ಕೇಳುತ್ತಿದೆ. ಭಾವನ ಹೆಬ್ಬೆರಳು ಹತ್ತಿರ ಬಂತು. ನಾನು ಮೊಬೈಲನ್ನೇ ಕಸಿದುಕೊಂಡೆ.

ಬಚ್ಚಿಟ್ಟವನಲ್ಲಿ ಅಳಿಯಿತು, ಕದ್ದವನಲ್ಲಿ ಉಳಿಯಿತು... ಬ್ಯಾಕಪ್ ಎಂದು ಇದನ್ನೇ ಹೇಳುವುದಾ, ಗೊತ್ತಿದ್ದವರು ತಿಳಿಸಿ.