ಅಕ್ಕನ ಲಗ್ನಪತ್ರಿಕೆ ಕೋರ್ಟಿಗೆ ಹೋದದ್ದು

ಹನ್ನೆರಡನೆಯ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಮನೆಗೆ ಬಂದ ಲಗ್ನಪತ್ರಿಕೆಗಳನ್ನೂ ಎಸೆಯುವುದಿಲ್ಲ. ಬಂದ ತಾರೀಖನ್ನು ಹಿಂಬದಿಗೆ ಬರೆದು ಒಂದು ಪೆಟ್ಟಿಗೆಯಲ್ಲಿ ಇಡುತ್ತೇನೆ. ಈಗ ನೂರಾ ಎಂಬತ್ತಾರು ಇವೆ. ಇರಬೇಕಾದದ್ದು ಒಂದು ಇಲ್ಲ, ಅದು ಅಕ್ಕನದು.

ಅಕ್ಕನನ್ನು ಮೂಡಲಗಿಯಿಂದ ಗೋಕಾಕಿಗೆ ಕೊಟ್ಟೆವು. ಅವಳ ಅತ್ತೆಯ ಹೆಸರಿನಲ್ಲಿ ಹದಿನಾಲ್ಕು ಲಾರಿಗಳಿವೆ. ಆ ಅತ್ತೆಯ ಒಡಹುಟ್ಟಿದ ಅಣ್ಣ ಹುಕ್ಕೇರಿಯಲ್ಲಿ ದನದ ಹಿಂಡಿ ಮಾಡುವ ಕಾರ್ಖಾನೆ ನಡೆಸುತ್ತಾರೆ, ಆ ಕಂಪನಿಯ ಅಧ್ಯಕ್ಷರೂ ಅವರೇ. ಕಾರ್ಖಾನೆಯ ಮಾಲೆಲ್ಲ ಹೋಗುವುದು ತಂಗಿಯ ಲಾರಿಗಳಲ್ಲೇ. ಹತ್ತರಗಿಯಲ್ಲಿ ಹೆದ್ದಾರಿಯ ಬದಿಗೆ ಅರ್ಧ ತಾಸು ನಿಂತರೆ ಯಾರಿಗಾದರೂ ಕಾಣುತ್ತದೆ.

ಲಗ್ನವಾದ ಮೂರನೆಯ ವರ್ಷ ಆ ಕಂಪನಿ ತನ್ನ ಶೇರುಗಳನ್ನು ಮೊದಲ ಸಲ ಸಾರ್ವಜನಿಕರಿಗೆ ಮಾರಿತು. ಅಪ್ಪನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದ: "ನಮ್ಮ ಬೀಗರ ಕಂಪನಿರಿ. ಕಣ್ಣ ಮುಚ್ಚಿ ತಗೋರಿ." ಅಪ್ಪನೂ ಸೇರಿ ಇಪ್ಪತ್ಮೂರು ಜನ ತೆಗೆದುಕೊಂಡರು. ಅರ್ಜಿಗಳನ್ನು ತುಂಬಿದವಳು ನಾನು. ಶೇರಿನ ಜೊತೆ ಕೊಡುವ ವಿವರಗಳ ದಪ್ಪ ಪುಸ್ತಕವನ್ನೂ ನಾನೊಬ್ಬಳೇ ಪೂರ್ತಿ ಓದಿದೆ. ಒಡೆಯರು ತಮ್ಮ ರಕ್ತಸಂಬಂಧಿಗಳ ಜೊತೆ ಮಾಡುವ ವ್ಯವಹಾರ ಹೇಳಬೇಕಾದ ಅಧ್ಯಾಯದಲ್ಲಿ ತಂಗಿಯೂ ಇರಲಿಲ್ಲ, ಲಾರಿಯೂ ಇರಲಿಲ್ಲ.

"ಅಪ್ಪಾ, ಇದರಾಗ ಅತ್ತಿಯವರ ಲಾರಿ ಮಾತ ಇಲ್ಲ," ಎಂದೆ.

"ಮನಿ ಮಾತ ಯಾರರ ಪುಸ್ತಕದಾಗ ಹಾಕ್ತಾರೇನು? ತಂಗೀನ್ನ ಬಿಟ್ಟು ಬ್ಯಾರೆದವ್ರಿಗೆ ಕೆಲಸ ಕೊಟ್ಟಿದ್ರ ನಾ ಅಂಜತಿದ್ದೆ."

ನನಗೂ ಅದು ಸರಿಯೆನಿಸಿತು. ನಮ್ಮಲ್ಲಿ ಸಂಬಂಧವೇ ಜಾಮೀನು. ಅದನ್ನು ಹೇಳದೆ ಬಿಟ್ಟದ್ದು ಕೊಳ್ಳುವವರಿಗೆ ಮಾಡಿದ ಮೋಸವೆಂದು ಹೊಳೆಯಲೇ ಇಲ್ಲ. ಆ ದಿನದ ಪುಟದಲ್ಲಿ 'ಅರ್ಜಿ ಇಪ್ಪತ್ಮೂರು' ಎಂದಷ್ಟೇ ಬರೆದಿದ್ದೇನೆ.

ವರ್ಷದೊಳಗೆ ಸುದ್ದಿ ಹೊರಬಿತ್ತು. ಆ ಲಾರಿಗಳಿಗೆ ಪೇಟೆಯ ಬಾಡಿಗೆಯ ಹತ್ತಿರಹತ್ತಿರ ಎರಡು ಪಟ್ಟು ಸಲ್ಲುತ್ತಿತ್ತು. ಲಾಭವೆಲ್ಲ ಆ ದಾರಿಯಲ್ಲಿ ಸೋರಿಹೋಗಿತ್ತು. ಶೇರು ಕುಸಿಯಿತು. ಎದುರಿನ ದರ್ಜಿ ಕಾಕಾ ಕತ್ತರಿ ಕೆಳಗಿಟ್ಟು ಹೇಳಿದರು: "ಏನ್ ಸಾವ್ಕಾರ್ರ, ಬೀಗರ ಶೇರ ಬೀಗರಾಂಗ ಮುನಿಸ್ಕೊಂಡ ಕುಂತೈತಲ್ಲ. ಸಮಾಧಾನ ಮಾಡಾಕ ಯಾರ್ನ ಕಳಸೂದು?" ಕಟ್ಟೆ ನಕ್ಕಿತು. ಅಪ್ಪ ನಗಲಿಲ್ಲ. ಇಪ್ಪತ್ಮೂರು ಜನರೂ ಕೂಡಿ ದಾವೆ ಹೂಡಿದಾಗ ತನ್ನ ಹೆಸರನ್ನು ಮೊದಲು ಬರೆಸಿದ.

ಲಾರಿಯ ಒಡತಿಗೂ ತಮ್ಮ ಅಧ್ಯಕ್ಷರಿಗೂ ಯಾವ ಸಂಬಂಧವೂ ಇಲ್ಲ ಎಂದು ಕಂಪನಿ ಕೋರ್ಟಿಗೆ ಉತ್ತರ ಕೊಟ್ಟಿತು. ಇಬ್ಬರ ಅಡ್ಡಹೆಸರೂ ಬೇರೆ. ಶೇರು ಮಾರುವುದಕ್ಕಿಂತ ಹಿಂದಿನ, ಅವರೇ ಒಪ್ಪಿದ ಕಾಗದವೊಂದು ಬೇಕು ಎಂದರು ನಮ್ಮ ವಕೀಲರು. ಬೀಗರ ಕಡೆಯಿಂದ ಬಂದ ಲಗ್ನಪತ್ರಿಕೆ ನನಗೆ ನೆನಪಾಯಿತು. ನಮ್ಮ ಪತ್ರಿಕೆಗಳಲ್ಲಿ ಬಂಧುಗಳ ಹೆಸರು ಎರಡೂ ಬದಿಗೆ ಸಾಲಾಗಿ ಇರುತ್ತವೆ, ಅವರ ಉದ್ಯೋಗದ ಸಮೇತ. ಭಾವನ 'ಸೋದರಮಾವ' ಎಂದು ಆ ಅಧ್ಯಕ್ಷರ ಹೆಸರು, ಅದರ ಕೆಳಗೆ ಕಂಪನಿಯ ಹೆಸರು ಅಚ್ಚಾಗಿದ್ದವು.

"ಅಕ್ಕಗ ಒಂದ ಮಾತ ಹೇಳೂಣೇನು?" ಎಂದ ಅಪ್ಪ.

"ಹೇಳಿದ್ರ ಕೊಡಬ್ಯಾಡ ಅಂತಾಳ," ಎಂದೆ.

ಮಂಗಳವಾರ ಮುಂಜಾನೆ ಕೊಟ್ಟುಬಂದೆ. ವಕೀಲರು ಎರಡು ಸಲ ಓದಿ, "ಪುಸ್ತಕದಾಗ ಮುಚ್ಚಿಟ್ಟದ್ದನ್ನ ಊರ ತುಂಬ ಹಂಚ್ಯಾರಲ್ಲ ತಂಗಿ," ಎಂದರು.

ಆಷಾಢದಲ್ಲಿ ಅದನ್ನು ಕೋರ್ಟಿನಲ್ಲಿ ಓದಿದರು. ಮುಂದಿನದು ನಾಗಪಂಚಮಿ, ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ನಮಗಿಬ್ಬರಿಗೂ ಅಣ್ಣತಮ್ಮಂದಿರು ಇಲ್ಲದ್ದರಿಂದ ಐದು ವರ್ಷ ನಾನೇ ಹೋಗಿದ್ದೆ. ಐದು ಸಲವೂ ಅಕ್ಕ ಚೀಲ ತುಂಬಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದಳು.

ಈ ಸಲ ಬಾಗಿಲಲ್ಲಿ ಅತ್ತೆ ಇದ್ದರು. "ಬಾರವ್ವಾ, ಒಳಗ ಅದಾಳ," ಎಂದರು. ಅಕ್ಕ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದಳು.

"ಚೀಲ ತುಂಬಿಲ್ಲೇನಕ್ಕಾ? ಅತ್ತಿ ಬ್ಯಾಡ ಅಂದ್ರೇನು?"

"ಅವರು ಹೋಗಿ ಬಾ ಅಂದಾರ. ನಾನ ಬರೂದಿಲ್ಲ." ಕೈ ನಿಲ್ಲಿಸಲಿಲ್ಲ. "ಮಂದಿ ರೊಕ್ಕ ಮಂದಿಗೆ ಮುಟ್ಟಬೇಕು, ಅದು ಖರೆ. ಆದರ ಅದು ನನ್ನ ಲಗ್ನದ ಪತ್ರಿಕಿ. ಮೊದಲ ನನ್ನ ಹೆಸರ ಓದಿದ್ರಂತ, ಆಮ್ಯಾಲೆ ಇವರದು. ನನ್ನ ಒಂದ ಮಾತ ಕೇಳಬಾರದಾ?"

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಒಂದ ದಿನ ಅತ್ತು, ಆಮ್ಯಾಲೆ ನಾನ ಕೊಡತಿದ್ದೆ."

ಅವಳು ಉಂಡಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಕೈಗಿಟ್ಟಳು. "ಅವ್ವಗ ಕೊಡು. ಡಬ್ಬಿ ತಿರಗಿ ಕೊಡಾಕ ಬರಬ್ಯಾಡ."

ದಾವೆ ಇನ್ನೂ ನಡೆದಿದೆ. ಗೆಲ್ಲುತ್ತೇವೆ ಎನ್ನುತ್ತಾರೆ ವಕೀಲರು. ನನಗೂ ಹಾಗೇ ಅನಿಸುತ್ತದೆ. ಆ ಮಧ್ಯಾಹ್ನ ಮೂಡಲಗಿಯಲ್ಲಿ ಬಸ್ಸಿಳಿದಾಗ ಅಪ್ಪ ಅಂಗಡಿ ಬಿಟ್ಟು ನಿಲ್ದಾಣಕ್ಕೆ ಬಂದಿದ್ದ. ನನ್ನ ಕೈಯಿಂದ ಡಬ್ಬಿ ಇಸಿದುಕೊಂಡ. ಬಸ್ಸಿನಿಂದ ಕೊನೆಯವರು ಇಳಿಯುವ ತನಕ ನನ್ನ ಹಿಂದಿನ ಬಾಗಿಲನ್ನೇ ನೋಡುತ್ತ ನಿಂತಿದ್ದ.