ಬೂದೆಮ್ಮ ಮತ್ತು ಮೇವಿನ ಯಂತ್ರ

ದೇವದುರ್ಗದ ಕುರಿಸಂತೆಯಲ್ಲಿ ಗಂಡಸರ ನಡುವೆ ನಿಂತು ಬೆಲೆ ಕಟ್ಟುತ್ತಿದ್ದ ಹೆಂಗಸನ್ನು ನಾನು ಒಬ್ಬಳನ್ನೇ ಕಂಡಿದ್ದೇನೆ. ಆಕೆ ಬೂದೆಮ್ಮ. ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರು ಆಕೆಯ ತವರು. ಕೊಟ್ಟದ್ದು ಮಾನ್ವಿ ತಾಲ್ಲೂಕಿನ ಬಾಗಲವಾಡಕ್ಕೆ. ಆ ಊರಿನ ಶಾಲೆಯಲ್ಲಿ ನಾನು ಬಹುಕಾಲ ಮಾಸ್ತರನಾಗಿದ್ದೆ. ಆಕೆಯ ಮಗಳು ದೇವಿಕಾ ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿನಿ. ನಿವೃತ್ತನಾಗಿ ಮಾನ್ವಿಯಲ್ಲಿ ಮನೆ ಮಾಡಿದ ಮೇಲೂ ಅವರ ಮನೆಯ ನಂಟು ಹಾಗೆಯೇ ಉಳಿಯಿತು.

ಕುರಿಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಕೈ ಸೇರಿಸಿ, ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರವೆಂದು ತಿಳಿದುಕೊಳ್ಳುತ್ತಾರೆ. ಇಬ್ಬರೂ ಒಪ್ಪಿ ಸಂಚಕಾರದ, ಅಂದರೆ ಮುಂಗಡದ, ನೋಟು ಕೈ ಬದಲಾಯಿತೆಂದರೆ ವ್ಯಾಪಾರ ಮುಗಿದಂತೆಯೇ. ಬೂದೆಮ್ಮನ ಗಂಡ ಕನಕಪ್ಪ ಕೇಳಿದ ಬೆಲೆಗೆ ತಲೆಯಾಡಿಸಿಬಿಡುವ ಮನುಷ್ಯ. ಅದನ್ನು ನೋಡಲಾರದೆ ಆಕೆ ಒಂದು ವಾರ ತಾನೇ ಸಂತೆಗೆ ಬಂದು, ಹೆಗಲ ಮೇಲಿನ ಕಂಬಳಿಯ ಅಂಚನ್ನು ದಲ್ಲಾಳಿಯ ಕೈಮೇಲೆ ಹೊದಿಸಿದಳು. ಆತ ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಯಾಕೋ ತಮ್ಮಾ, ನನ್ನ ಕುರಿ ಬೇಕು, ನನ್ನ ಬೆರಳು ಬ್ಯಾಡೇನು?" ಎಂದಳು.

ಸುತ್ತ ನಿಂತವರೆಲ್ಲ ನಕ್ಕರು. ಮುಂದಿನ ವಾರದಿಂದ ಯಾರೂ ಕೈ ಎಳೆದುಕೊಳ್ಳಲಿಲ್ಲ.

ಒಮ್ಮೆ ಕುಡುಗೋಲು ತಾಗಿ ಆಕೆಯ ಬೆರಳಿಗೆ ಬಟ್ಟೆ ಸುತ್ತಿತ್ತು. ಟಗರು ಕೊಳ್ಳಲು ಬಂದ ದಸ್ತಗೀರ್ ಸಾಬರ ಐದು ಬೆರಳು ಹಿಡಿಯಬೇಕಾದ ಕಡೆ ನಾಲ್ಕನ್ನೇ ಹಿಡಿದಳು. ಸಾಬರು ಕೂಡಲೇ ಒಪ್ಪಿ ಸಂಚಕಾರ ಕೊಟ್ಟರು. ಉಳಿದ ಹಣ ಎಣಿಸಿಕೊಳ್ಳುವಾಗ ತಪ್ಪು ತಿಳಿಯಿತು. ಎಂದೂ ದನಿ ಏರಿಸದ ಕನಕಪ್ಪ ಅಂದು ಕೂಗಾಡಿದ.

"ಹೇಳ ಅವ್ರಿಗೆ, ಬೆರಳು ನೋವಿತ್ತು ಅಂತ!"

"ಬೆರಳು ನಂದು, ನೋವೂ ನಂದು. ಅದ್ರಾಗ ಸಾಬ್ರ ತಪ್ಪು ಏನದ?" ಎಂದ ಬೂದೆಮ್ಮ ಟಗರಿನ ಹಗ್ಗವನ್ನು ತಾನೇ ಬಿಚ್ಚಿ ಅವರ ಕೈಗಿತ್ತಳು.

ಕನಕಪ್ಪ ತೀರಿಕೊಂಡ ಮೇಲೆ ಹಿಂಡನ್ನು ಮೇಯಿಸುವ ಭಾರವೆಲ್ಲ ಆಕೆಯ ಮೇಲೆ ಬಿದ್ದಿತು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು; ಕುರಿಗಳ ಹಿಂದೆ ಹೊಲ ಸುತ್ತುವುದು ಆಗದ ಮಾತಾಯಿತು. ಕವಿತಾಳದಲ್ಲಿರುವ ಮೈದುನ ಎರಡು ಸಲ ಬಂದು, ಹಿಂಡು ತನಗೆ ಒಪ್ಪಿಸಿ ತನ್ನ ಮನೆಯಲ್ಲಿ ಬಂದಿರೆಂದು ಹೇಳಿಹೋದ. ಬೂದೆಮ್ಮ ಬೇರೆಯೇ ದಾರಿ ಹುಡುಕಿದಳು. ಹಿಂಡನ್ನು ಮಾರಿ ಹತ್ತು ಟಗರನ್ನು ಉಳಿಸಿಕೊಂಡು ಮನೆಯಲ್ಲೇ ಕಟ್ಟಿ ಮೇಯಿಸುವುದೆಂದು ನಿಶ್ಚಯಿಸಿ, ಜೋಳದ ಒಣ ದಂಟು, ಅಂದರೆ ಕಣಕಿ, ಕತ್ತರಿಸುವ ಕರೆಂಟಿನ ಯಂತ್ರ ತರಲು ದೇವಿಕಾಳೊಂದಿಗೆ ರಾಯಚೂರಿಗೆ ಹೋದಳು.

ಅಂಗಡಿಯ ಹುಡುಗ ಚನ್ನವೀರ ಕಂಪ್ಯೂಟರು ನೋಡಿ ಇಪ್ಪತ್ತೆರಡೂವರೆ ಸಾವಿರ ಎಂದ.

"ಮೋಟರ್ ಸೇರಿ ಏನಪಾ?" ಎಂದು ಬೂದೆಮ್ಮ ಕೇಳಿದಳು. ಆತ ಇನ್ನೊಮ್ಮೆ ನೋಡಿ "ಸೇರಿ" ಎಂದ. ಆಕೆ ಹಣ ಕೊಟ್ಟು, ಬಿಲ್ಲು ಪಡೆದು, ಗಾಡಿ ಮಾಡಿಕೊಂಡು ಊರಿಗೆ ಬಂದಳು. ಇಳಿಸುವಾಗ ನೋಡಿದರೆ ಯಂತ್ರದ ಜೊತೆಗೆ ಔಷಧ ಹೊಡೆಯುವ ಪಂಪಿನ ಡಬ್ಬವೊಂದು ಬಂದಿತ್ತು. ಆಕೆ ಕೇಳಿರಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ಅದೇ ಸಂಜೆ ಮಗಳಿಂದ ಅಂಗಡಿಗೆ ಫೋನು ಮಾಡಿಸಿ, "ನಿಮ್ಮ ಡಬ್ಬಿ ಬಂದದ, ನಿಮ್ಮ ಗಾಡಿ ಈ ಕಡಿ ಬಂದಾಗ ಒಯ್ರಿ" ಎಂದು ಹೇಳಿಸಿದಳು. ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ, ಇಲಿ ಮುಟ್ಟದಂತೆ ಅಟ್ಟದ ಮೇಲಿಟ್ಟಳು.

ಕೆಲವು ದಿನಗಳಾದ ಮೇಲೆ ಅಂಗಡಿಯಿಂದಲೇ ಫೋನು ಬಂದಿತು, ಡಬ್ಬದ ಮಾತಿಗಲ್ಲ. ಕಂಪ್ಯೂಟರಿನಲ್ಲಿ ತಪ್ಪಿ ಮೋಟರು ಇಲ್ಲದ ಯಂತ್ರದ ಬೆಲೆ ನಮೂದಾಗಿದೆ, ಇನ್ನೂ ಐದೂವರೆ ಸಾವಿರ ಕಟ್ಟಬೇಕು, ಇಲ್ಲವಾದರೆ ಬಂದು ಯಂತ್ರ ಒಯ್ಯುತ್ತೇವೆ ಎಂದರು.

ದೇವಿಕಾ ಗಾಬರಿಯಾಗಿ ನನ್ನನ್ನು ಕರೆಸಿದಳು. ಹೋಗುವ ಮೊದಲು ಪರಿಚಯದ ವಕೀಲರನ್ನು ಕೇಳಿದೆ. ತಪ್ಪೆಂದು ತಿಳಿದೂ ಆಕೆ ಸುಮ್ಮನೆ ತಂದಿದ್ದರೆ ಮಾತು ಬೇರೆ. ಕೇಳಿ, ಒಪ್ಪಿ, ಹಣ ಕೊಟ್ಟು ತಂದದ್ದನ್ನು ಅಂಗಡಿಯವರು ಹಾಗೆ ಬಂದು ಎತ್ತಿಕೊಂಡು ಹೋಗುವಂತಿಲ್ಲ, ಬೇಕಾದರೆ ಕೋರ್ಟಿಗೆ ಹೋಗಲಿ ಎಂದರು ಅವರು. ಆದರೂ ಕೋರ್ಟು ಎಂಬ ಶಬ್ದಕ್ಕೆ ನನಗೆ ಅಳುಕು.

"ಅರ್ಧ ಕೊಟ್ಟು ಮುಗಿಸಿಬಿಡವ್ವ" ಎಂದೆ.

"ಮಾಸ್ತರ್ರ, ಅರ್ಧಾ ಕೊಟ್ರ ಅರ್ಧಾ ಕಳ್ಳಿ ಅಂದಂಗ ಆತು" ಎಂದು ಬೂದೆಮ್ಮ ನನ್ನನ್ನೇ ದಿಟ್ಟಿಸಿದಳು. "ಯಂತ್ರ ಹೋದ್ರ ಟಗರು ಹೋದ್ವು. ಟಗರು ಹೋದ್ರ ನಾ ಮೈದುನನ ಮನಿ ಮೂಲ್ಯಾಗ ಕುಂತು, ಅವ್ರು ನೀಡಿದಾಗ ಉಣಬೇಕು. ಅವ್ರ ಕಂಪ್ಯೂಟರ್ ತಪ್ಪಿಗೆ ನಾ ಯಾಕ ಮೂಲಿ ಹಿಡೀಲಿ?"

ಅವರು ಬಂದೇ ಬಂದರು. ಅಂಗಡಿಯ ಮಾಲೀಕರು ಬಸವಪ್ರಸಾದ ಎಂಬವರು. ಹಣೆಯ ತುಂಬ ವಿಭೂತಿ, ಅಕ್ಕಿ ಗಿರಣಿಯ ಮನೆತನ. ಹಿಂದೆ ಖಾಲಿ ಗಾಡಿ, ಅದರಲ್ಲಿ ಚನ್ನವೀರ. ಬೂದೆಮ್ಮ ಯಂತ್ರದ ಮುಂದೆ ಒಂದು ಕಟ್ಟು ಕಣಕಿ ಹಾಕಿ, ಅದರ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಬರ್ರಿ ಸಾವ್ಕಾರ್ರ. ಚಹಾ ಮಾಡಸ್ಲಿ?"

"ಚಹಾ ಬ್ಯಾಡ ಯವ್ವಾ. ರೊಕ್ಕ ಕೊಡ್ತಿ, ಇಲ್ಲಾ ಯಂತ್ರ ಕೊಡ್ತಿ?"

"ರೊಕ್ಕ ಅವತ್ತೇ ಕೊಟ್ಟೀನಿ. ಯಂತ್ರ ಅವತ್ತೇ ತಂದೀನಿ. ಇನ್ನೇನು ಉಳಿದದ?"

"ಮೋಟರ್ ಇದ್ದದ್ದು ಆ ರೇಟಿಗೆ ಎಲ್ಲಿ ಸಿಗ್ತದ? ನಿನಗ ಗೊತ್ತಿತ್ತು, ಸುಮ್ಮನ ಬಂದಿ."

ಬೂದೆಮ್ಮ ಅವರಿಗೆ ಉತ್ತರ ಕೊಡದೆ ಗಾಡಿಯ ಕಡೆಗೆ ಕೂಗಿದಳು. "ಏ ಚನ್ನವೀರ! ಇಳಿಯೋ ಕೆಳಗ. ಮೋಟರ್ ಸೇರಿ ಏನಪಾ ಅಂತ ಕೇಳಿದ್ನೋ ಇಲ್ಲೋ?"

ಚನ್ನವೀರ ಮಾಲೀಕರ ಮುಖ ನೋಡಿದ, ನೆಲ ನೋಡಿದ. "ಕೇಳಿದ್ರಿ."

"ನೀ ಏನಂದಿ?"

"ಸೇರಿ ಅಂದೆ."

ಬಸವಪ್ರಸಾದರ ಮುಖ ಕೆಂಪಾಯಿತು. "ಅದು ಬಿಡು. ಅವತ್ತೇ ನಮ್ಮ ಅಂಗಡ್ಯಾಗ ಒಂದು ಪಂಪಿನ ಡಬ್ಬಿ ಕಡಿಮಿ ಬಿದ್ದದ. ಅದೂ ಹಿಂಗಽ ಸುಮ್ಮನ ಬಂತೇನು?"

ದೇವಿಕಾ ಆಗಲೇ ಅಟ್ಟ ಹತ್ತಿದ್ದಳು. ಗೋಣಿಚೀಲ ಸುತ್ತಿದ ಡಬ್ಬವನ್ನು ತಂದು ಅವರ ಕಾಲ ಬಳಿ ಇಟ್ಟಳು. ಸೀಲು ಒಡೆದಿರಲಿಲ್ಲ.

"ಬಂದ ದಿನಾನೇ ಫೋನ್ ಮಾಡೀವ್ರಿ. ಕಾವ್ಯಾ ಅನ್ನೋ ಅಕ್ಕಾರು ಎತ್ತಿದ್ರು."

ಮಾಲೀಕರು ಅಲ್ಲಿಯೇ ಅಂಗಡಿಗೆ ಫೋನು ಹಚ್ಚಿದರು. ಆ ಕಡೆಯಿಂದ ಹುಡುಗಿಯ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು: "ಹೌದ್ರಿ ಸರ, ಬಾಗಲವಾಡದಿಂದ ಹೇಳಿದ್ರು. ಗಾಡಿ ಆ ಕಡಿ ಹೋಗಿರಲಿಲ್ಲ, ನಾ ಮರ್ತೆ ಸರ."

ಅವರು ಫೋನು ಕಿಸೆಗೆ ಹಾಕಿಕೊಂಡರು. ಬೂದೆಮ್ಮ ಕೈಯೂರಿ ಎದ್ದು ನಿಂತಳು. ಮೊಣಕಾಲು ನೋವಿಗೆ ತುಟಿ ಕಚ್ಚಿದಳು.

"ಡಬ್ಬಿ ನಿಮ್ದು. ನಾ ಕೇಳಿಲ್ಲ, ನೀವು ಮಾರಿಲ್ಲ. ಅದಕ್ಕ ಇಟ್ಟು ಕಾದೀನಿ. ಯಂತ್ರ ಹಂಗಲ್ಲ. ನೀವು ಬೆಲಿ ಹೇಳಿದ್ರಿ, ನಾ ಒಪ್ಪಿದೆ, ರೊಕ್ಕ ಎಣಿಸ್ಕೊಂಡ್ರಿ. ದೇವದುರ್ಗದ ಸಂತ್ಯಾಗ ನಾನೂ ಬೆರಳು ತಪ್ಪಿ ಹಿಡಿದು ಸಾವಿರ ಕಳಕೊಂಡೀನಿ. ಸಾಬ್ರ ಮನಿ ಬಾಗಿಲಿಗೆ ಗಾಡಿ ತಗೊಂಡು ಹೋಗಿಲ್ಲ. ನಿಮ್ಮ ಮನಿತನದಾಗೂ ಭತ್ತದ ವ್ಯಾಪಾರ ಟವೆಲ್ಲಿನ ಕೆಳಗಽ ನಡೀತಿತ್ತಲ್ರಿ, ಒಪ್ಪಿದ ಮ್ಯಾಲೆ ಯಾರರ ತಿರುಗಿ ಬಂದಿದ್ರೇನು?"

ನಾನು ಕೆಮ್ಮಿ, ವಕೀಲರು ಹೇಳಿದ್ದನ್ನು ಮೆಲ್ಲಗೆ ತಿಳಿಸಿದೆ. ಬಸವಪ್ರಸಾದರು ನನ್ನ ಕಡೆ ತಿರುಗಿಯೂ ನೋಡದೆ ಡಬ್ಬವನ್ನು ಗಾಡಿಗೆ ಹಾಕಿಸಿದರು. ಆಮೇಲೆ ಓಣಿಯ ಜನ ಸೇರಿದ್ದನ್ನು ಗಮನಿಸಿ ದನಿ ಬದಲಿಸಿದರು.

"ಹೋಗ್ಲಿ ಬಿಡು ಯವ್ವಾ. ಗಂಡ ಇಲ್ಲದಾಕಿ, ಕಷ್ಟದಾಗ ಇದ್ದಿ. ನಾವೇ ಬಿಟ್ಟುಕೊಟ್ಟೀವಿ ಅಂತ ತಿಳಕೊ. ಚನ್ನವೀರ, ಯವ್ವನ ಜೋಡಿ ಒಂದು ಫೋಟೋ ತೆಗಿ, ಅಂಗಡ್ಯಾಗ ಹಾಕೋಣ."

ಓಣಿಯವರಿಗೆ ಸಮಾಧಾನವಾಯಿತು. ಯಾರೋ "ದೊಡ್ಡ ಮನಸ್ಸು ಸಾವ್ಕಾರ್ದು" ಎಂದರು. ನನಗೂ, ಹೇಗೋ ಮುಗಿಯಿತಲ್ಲ ಎನಿಸಿತು. ಚನ್ನವೀರ ಮೊಬೈಲು ಎತ್ತಿದ.

"ಇಳಸೋ ಅದನ್ನ!" ಎಂದಳು ಬೂದೆಮ್ಮ. "ಬಿಟ್ಟುಕೊಡಾಕ ಯಂತ್ರ ನಿಮ್ದೇನ್ರಿ? ದಾನ ಕೊಟ್ಟೀವಿ ಅಂತ ಅಂಗಡ್ಯಾಗ ನನ್ನ ಮಾರಿ ತೂಗಹಾಕ್ತೀರಿ? ನಾ ಕೊಂಡೀನಿ. ಹಂಗಂತ ಈ ಮಂದಿ ಮುಂದ ಹೇಳ್ರಿ, ಫೋಟೋಕ್ಕ ನಕ್ಕೋತ ನಿಂದರ್ತೀನಿ."

"ಎಷ್ಟು ಸೊಕ್ಕು ನಿನಗ!"

"ಸೊಕ್ಕಲ್ರಿ. ಬಿಲ್ ಅದ."

ದೇವಿಕಾ ಕಿಸಕ್ಕನೆ ನಕ್ಕಳು. ಚನ್ನವೀರ ನಗು ತಡೆಯಲಾರದೆ ಗಾಡಿಯ ಆಚೆಗೆ ಸರಿದ. ಬಸವಪ್ರಸಾದರು ಫೋಟೋದ ಮಾತು ಬಿಟ್ಟು, ಇನ್ನು ಯಂತ್ರ ಕೆಟ್ಟರೆ ತಮ್ಮ ಅಂಗಡಿಯ ಕಡೆ ಕಾಲಿಡಬಾರದೆಂದು ಬೆರಳಾಡಿಸಿ ಹೇಳತೊಡಗಿದರು.

"ಒಂದು ವರ್ಷ ರಿಪೇರಿ ನಿಮ್ದೇ ಅಂತ ಬಿಲ್ಲಿನಾಗ ಬರದೀರಿ. ಕೆಟ್ರ ಬರ್ತೀನಿ, ಬಾಗಿಲದಾಗ ಕುಂದರ್ತೀನಿ" ಎಂದ ಬೂದೆಮ್ಮ, ಒಂದು ಹಿಡಿ ಕಣಕಿಯನ್ನು ಯಂತ್ರದ ಬಾಯಿಗೆ ತುರುಕಿ ಗುಂಡಿ ಒತ್ತಿದಳು. ಹಟ್ಟಿಯಲ್ಲಿದ್ದ ಟಗರುಗಳು ಸದ್ದಿಗೆ ಎದ್ದು ನಿಂತವು. ಮಾಲೀಕರು ಇನ್ನೂ ಏನೋ ಹೇಳುತ್ತಿದ್ದರು. ತುಟಿಗಳು ಆಡುವುದು ಕಾಣುತ್ತಿತ್ತು. ಆಕೆ ಕಿವಿಗೆ ಕೈ ಹಚ್ಚಿ, ಕೇಳಿಸದೆಂದು ತಲೆಯಾಡಿಸಿ, ಇನ್ನೊಂದು ಹಿಡಿ ಕಣಕಿ ಎತ್ತಿಕೊಂಡಳು.